ಬಂಜರು ಎಂಬ ಪಾಠ

ಸಿಕಂದರಾಬಾದಿನಿಂದ ಬರುವ ರೈಲು ತಾಂಡೂರು ದಾಟಿ ಕರ್ನಾಟಕದೊಳಗೆ ಬಂದ ಮೇಲೆ ಸೇಡಂ, ಮಳಖೇಡ ರೋಡ್, ಚಿತ್ತಾಪುರ ಎಂದು ಒಂದೊಂದಾಗಿ ನಿಲ್ದಾಣಗಳು ಬರುತ್ತವೆ. ವಾಡಿಯಲ್ಲಿ ಅದು ಮುಂಬೈ-ಚೆನ್ನೈ ಹಳಿಯನ್ನು ಕೂಡಿಕೊಳ್ಳುತ್ತದೆ. ಅಲ್ಲಿಂದ ಕಲಬುರಗಿಯ ಕಡೆ ಹೊರಟರೆ ಶಹಾಬಾದ್. ಕಿಟಕಿಯ ಪಕ್ಕ ಕೂತವರಿಗೆ ಕಾಣುವುದು ಸಿಮೆಂಟ್ ಕಾರ್ಖಾನೆಯ ಚಿಮಣಿ, ಬೂದು ಹಿಡಿದ ಗಿಡಗಂಟಿ, ಹಳಿಯ ಬದಿಗೆ ಪೇರಿಸಿಟ್ಟ ಪರಸಿ ಕಲ್ಲು, ತೊಗರಿ ಹೊಲ, ಮತ್ತೆ ಚಿಮಣಿ. ‘ಇಲ್ಲೇನಿದೆ ನೋಡೋದಕ್ಕೆ?’ ಎಂದು ಪಕ್ಕದವರು ಕಿಟಕಿ ಮುಚ್ಚುತ್ತಾರೆ. ಈ ಮಾತಿನ ಬಗ್ಗೆ ನಮಗೆ ಸಿಟ್ಟಿಲ್ಲ, ಅವರು ಹಾದುಹೋಗುವವರು. ಆದರೆ ಇದೇ ಊರುಗಳ ಶಾಲೆಗಳಲ್ಲಿ ಓದುವ ಮಕ್ಕಳೂ ಇದೇ ಮಾತನ್ನು ಹೇಳುತ್ತಾರೆ. ಅವರಿಗೆ ಅದನ್ನು ಹೇಳಿಕೊಟ್ಟವರು ಯಾರು ಎಂಬುದು ನಮ್ಮ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ವಿಶ್ವ ಪರಿಸರ ದಿನದಂದು ಈ ಭಾಗದ ಒಂದು ಪ್ರೌಢಶಾಲೆಗೆ ಹೋಗಿದ್ದೆವು. ಊರಿನ ಹೆಸರು ಬೇಡ, ಹೆಸರು ಬದಲಾದರೂ ಸಂಗತಿ ಬದಲಾಗುವುದಿಲ್ಲ. ‘ನಮ್ಮ ಪರಿಸರ’ ಎಂಬ ವಿಷಯದ ಮೇಲೆ ಚಿತ್ರ ಬರೆಯುವ ಸ್ಪರ್ಧೆ ನಡೆದಿತ್ತು. ಗೋಡೆಗೆ ಅಂಟಿಸಿದ್ದ ಚಿತ್ರಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಎರಡು ಹಸಿರು ಬೆಟ್ಟ, ಬೆಟ್ಟಗಳ ನಡುವೆ ಸೂರ್ಯ, ಅಲ್ಲಿಂದ ಇಳಿದು ಬಂದ ಹೊಳೆ, ಹೊಳೆಯ ದಂಡೆಗೆ ತೆಂಗಿನ ಮರ. ಒಂದರಲ್ಲಿ ಆನೆಯೂ ಇತ್ತು. ಆನೆ ಬರೆದ ಹುಡುಗಿಯ ತಂದೆ ಪರಸಿ ಗಣಿಯಲ್ಲಿ ಕಲ್ಲು ಎಬ್ಬಿಸುವ ಕೆಲಸದವರು. ‘ನಿಮ್ಮೂರಾಗ ಏನೇನ್ ಅದವಾ?’ ಎಂದು ಕೇಳಿದೆವು. ‘ಏನೂ ಇಲ್ರೀ ಸರ್, ಬರೇ ಕಲ್ಲು’ ಎಂದಳು.

ಆಮೇಲೆ ಸಸಿ ನೆಡುವ ಕಾರ್ಯಕ್ರಮ. ಹೊರಗೆ ಕಾಲಿಟ್ಟರೆ ಸುಡುವ ಬಿಸಿಲು. ಜೂನ್ 5ರ ಹೊತ್ತಿಗೆ ಕರಾವಳಿ, ಮಲೆನಾಡುಗಳಲ್ಲಿ ಮಳೆ ಹಿಡಿದಿರಬಹುದು. ಕಲಬುರಗಿ ಸೀಮೆಯಲ್ಲಿ ಮಳೆಗಾಲ ನಿಜವಾಗಿ ನೆಲೆ ನಿಲ್ಲುವುದು ಜುಲೈಯಿಂದ ಸೆಪ್ಟೆಂಬರ್‌ವರೆಗೆ. ಸಸಿ ನೆಟ್ಟ ಗುಂಡಿ ಹೊಸದಾಗಿರಲಿಲ್ಲ, ಹೋದ ವರ್ಷದ್ದೇ. ನೆಟ್ಟದ್ದು ಎಲ್ಲಿಂದಲೋ ಬಂದ ಅಲಂಕಾರದ ಸಸಿ. ಹತ್ತು ಹೆಜ್ಜೆ ದೂರದಲ್ಲಿ, ಯಾರೂ ನೆಡದ, ಯಾರೂ ನೀರು ಹಾಕದ ಬೇವು, ಬಾರಿ, ಎಕ್ಕೆಗಳು ತಮ್ಮಷ್ಟಕ್ಕೆ ತಾವು ನಿಂತಿದ್ದವು. ಭಾಷಣ ಮಾಡಿದ ಯಾರೊಬ್ಬರೂ ಅವುಗಳ ಕಡೆ ತಿರುಗಿ ನೋಡಲಿಲ್ಲ.

ಪರಿಸರದ ಪಾಠ ನಮ್ಮ ಶಾಲೆಗಳಲ್ಲಿ ಇಲ್ಲ ಎಂದು ದೂರುವಂತಿಲ್ಲ. ಎಂ.ಸಿ. ಮೆಹ್ತಾ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1991ರ ನವೆಂಬರಿನಲ್ಲಿಯೇ ಶಾಲೆ-ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂದು ಹೇಳಿತು. ಹನ್ನೆರಡು ವರ್ಷವಾದರೂ ಹೇಳಿದ್ದು ನಡೆಯದಿದ್ದಾಗ 2003ರ ಡಿಸೆಂಬರಿನಲ್ಲಿ ಮತ್ತೆ ತಾಕೀತು ಮಾಡಿ, ಪಠ್ಯಕ್ರಮ ತಯಾರಿಸಲು ಎನ್‌ಸಿಇಆರ್‌ಟಿಗೆ ಸೂಚಿಸಿತು. ಪದವಿ ತರಗತಿಗಳಿಗೆ ಯುಜಿಸಿ ಆರು ತಿಂಗಳ ಕಡ್ಡಾಯ ಪತ್ರಿಕೆಯನ್ನು ರೂಪಿಸಿತು. 2001-02ರಿಂದ ರಾಷ್ಟ್ರೀಯ ಹಸಿರು ಪಡೆಯ ಹೆಸರಲ್ಲಿ ಶಾಲೆಗಳಲ್ಲಿ ಇಕೋ ಕ್ಲಬ್ಬುಗಳೂ ಹುಟ್ಟಿಕೊಂಡವು. ಕೋರ್ಟಿನ ಆದೇಶವಿದೆ, ಪುಸ್ತಕವಿದೆ, ಕ್ಲಬ್ಬಿದೆ. ಇಷ್ಟೆಲ್ಲ ಇದ್ದೂ ಶಹಾಬಾದಿನ ಹುಡುಗಿ ಆನೆ ಬರೆಯುತ್ತಾಳೆಂದರೆ ತಪ್ಪು ಹುಡುಗಿಯದಲ್ಲ.

ಪರೀಕ್ಷೆಯಲ್ಲಿ ಬರುವ ಪ್ರಶ್ನೆಯನ್ನೇ ನೋಡಿ. ಕರ್ನಾಟಕದ ರಾಷ್ಟ್ರೀಯ ಉದ್ಯಾನಗಳು ಯಾವುವು? ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಅಣಶಿ, ಕುದುರೆಮುಖ. ಐದರಲ್ಲಿ ಒಂದೂ ಕಲಬುರಗಿ ವಿಭಾಗದಲ್ಲಿಲ್ಲ. ಜೀವವೈವಿಧ್ಯ ಎಂದರೆ? ಪಶ್ಚಿಮ ಘಟ್ಟ, 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಸೇಡಂನ ಹುಡುಗ ಇದನ್ನೆಲ್ಲ ಬಾಯಿಪಾಠ ಮಾಡಿ ಬರೆದು ಅಂಕ ತೆಗೆದುಕೊಳ್ಳುತ್ತಾನೆ. ಇವನ್ನು ಕಲಿಸಬಾರದು ಎನ್ನುವಷ್ಟು ಸಂಕುಚಿತರು ನಾವಲ್ಲ. ಘಟ್ಟದ ಕಾಡು ಇಡೀ ನಾಡಿಗೆ ನೀರು ಕೊಡುತ್ತದೆ. ಆದರೆ ಪಾಠದ ಜೊತೆಗೇ ಇನ್ನೊಂದು ಪಾಠ ಸದ್ದಿಲ್ಲದೆ ಮನಸ್ಸಿಗೆ ಇಳಿಯುತ್ತದೆ: ಪ್ರಕೃತಿ ಎಂಬುದು ಬೇರೆ ಕಡೆ ಇರುವ ವಸ್ತು, ನಮ್ಮಲ್ಲಿ ಇರುವುದು ಬರೇ ಜಾಗ.

ಶಿಕ್ಷಕರನ್ನು ಬಯ್ಯುವುದು ಸುಲಭ. ಅದು ನ್ಯಾಯವಲ್ಲ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ಶೇ. 42.43 ಪಡೆದು ರಾಜ್ಯದಲ್ಲೇ ಕೊನೆಗೆ ನಿಂತಿತು. ಫಲಿತಾಂಶ ಬಿದ್ದ ಕೂಡಲೇ ಮೇಲಿನವರು ಕೆಳಗಿನವರನ್ನು ಹಿಡಿಯುತ್ತಾರೆ. ‘ಪಾಸಿಂಗ್ ಪ್ಯಾಕೇಜ್’ ಎಂಬ ಹೆಸರಲ್ಲಿ ಖಾತರಿ ಪ್ರಶ್ನೆಗಳ ಉರು ಹೊಡೆಸುವುದು ಶುರುವಾಗುತ್ತದೆ. ಅತಿಥಿ ಶಿಕ್ಷಕರ ಮೇಲೆ ನಡೆಯುವ ಶಾಲೆಯಲ್ಲಿ, ಸುಗ್ಗಿ ಮುಗಿಯುತ್ತಲೇ ಅಪ್ಪ-ಅವ್ವನ ಜೊತೆ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಮಕ್ಕಳನ್ನು ಕಟ್ಟಿಕೊಂಡು, ಯಾವ ಮೇಷ್ಟ್ರು ಗುಡ್ಡ ಹತ್ತಿಸುತ್ತಾರೆ?

ಆದ್ದರಿಂದ ನಾವು ಮೇಷ್ಟ್ರನ್ನು ಬಿಟ್ಟು, ಮೇಷ್ಟ್ರಿಗೂ ಪಾಠ ಹೇಳಿದ ಕನ್ನಡದ ಬರಹಗಳ ಕಡೆ ತಿರುಗುತ್ತೇವೆ. ವಿದ್ಯಾರ್ಥಿಗಳಿಗೆ ಗಿಡಮರಗಳನ್ನು ಹೇಗೆ ತೋರಿಸಬೇಕು ಎಂಬುದಕ್ಕೆ ಕನ್ನಡದಲ್ಲಿ ಒಂದು ದೊಡ್ಡ ಮಾದರಿ ಇದೆ: ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಪುಸ್ತಕದಲ್ಲಿ ಒಬ್ಬ ಸಸ್ಯಶಾಸ್ತ್ರದ ಮೇಷ್ಟ್ರು ತನ್ನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ತಿರುಗುತ್ತಾನೆ. ಪಾಠವಿದೆ, ತಮಾಷೆಯಿದೆ, ಗಿಡದ ಹೆಸರಿನ ಹಿಂದೆ ಓಡುವ ಹುಚ್ಚಿದೆ, ಹಳೆಯ ಕಾವ್ಯದ ನೆನಪಿದೆ. ಲೇಖಕರೇ ಬರೆದ ಚಿತ್ರಗಳಿವೆ. ಪರಿಸರ ಉಳಿಸಿ ಎಂದು ಕೂಗದೆ ಪರಿಸರವನ್ನು ಪ್ರೀತಿಸಲು ಕಲಿಸುವ ಪುಸ್ತಕ ಅದು. ಆದರೆ ಆ ತಿರುಗಾಟದ ದಾರಿ ಪಶ್ಚಿಮ ಘಟ್ಟದ ದಾರಿ. ಕಾರಂತರ ‘ಬೆಟ್ಟದ ಜೀವ’, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’, ತೇಜಸ್ವಿಯವರ ‘ಕರ್ವಾಲೊ’, ‘ಪರಿಸರದ ಕತೆ’ ಎಲ್ಲವೂ ಅದೇ ಹಸಿರಿನವು. ಅವರು ತಮ್ಮ ಸುತ್ತ ಇದ್ದುದನ್ನು ಬರೆದರು. ಅದು ಅವರ ದೊಡ್ಡತನ. ಆದರೆ ನಾವು, ಓದಿದವರು, ಅವರ ಸುತ್ತ ಇದ್ದುದನ್ನೇ ನಿಸರ್ಗ ಎಂಬುದರ ಅರ್ಥವಾಗಿ ಮಾಡಿಕೊಂಡೆವು. ಗೀತಾ ನಾಗಭೂಷಣ ಅವರ ‘ಬದುಕು’ ಕಲಬುರಗಿ ಸೀಮೆಯ ಮನುಷ್ಯರಿಗೆ ಸಾಹಿತ್ಯದಲ್ಲಿ ಜಾಗ ಕೊಟ್ಟಿತು. ಇಲ್ಲಿನ ಹುಲ್ಲಿಗೆ, ಮುಳ್ಳಿಗೆ, ಹಕ್ಕಿಗೆ ಒಬ್ಬ ಸ್ವಾಮಿ ಇನ್ನೂ ಬರಬೇಕಾಗಿದೆ.

ಮಾತಿನ ತೊಡಕೂ ಸಣ್ಣದಲ್ಲ. ಈ ಕಡೆ ‘ಗಿಡ’ ಎಂದರೆ ಮರವೂ ಹೌದು. ಬೇವಿನ ಗಿಡ, ಹುಣಸಿ ಗಿಡ. ಪುಸ್ತಕದಲ್ಲಿ ಗಿಡ ಬೇರೆ, ಮರ ಬೇರೆ. ಪುಸ್ತಕದಲ್ಲಿ ಗೋಮಾಳವಿದ್ದರೆ ಇಲ್ಲಿಯದು ಗಾಯರಾಣ. ಪುಸ್ತಕದ ಕೃಷ್ಣಮೃಗ ಇಲ್ಲಿ ಚಿಗರಿ. ಮಗುವಿನ ಬಾಯಲ್ಲಿ ಎರಿ ಹೊಲ, ಮಸಾರಿ, ಮಡ್ಡಿ ಎಂದು ಮಣ್ಣಿಗೇ ಮೂರು ಹೆಸರಿವೆ, ಆದರೆ ಪರೀಕ್ಷೆಯಲ್ಲಿ ಇವಕ್ಕೆ ಅಂಕವಿಲ್ಲ. ತಾನು ಬಲ್ಲ ಮಾತು ಅಶುದ್ಧ, ತಾನು ಕಾಣದ್ದರ ಹೆಸರು ಶುದ್ಧ ಎಂದು ಮೊದಲ ತರಗತಿಯಲ್ಲೇ ತಿಳಿದ ಮಗುವಿಗೆ ತನ್ನ ನೆಲದ ಬಗ್ಗೆ ಅಭಿಮಾನ ಎಲ್ಲಿಂದ ಬರಬೇಕು?

ಈ ಹೆಸರುಗಳಲ್ಲಿ ಒಂದರ ಬಗ್ಗೆ ಸ್ವಲ್ಪ ನಿಲ್ಲಬೇಕು. ಅದು ‘ಬಂಜರು’. ಕಂದಾಯ ಬರದ ಭೂಮಿ ಪ್ರಯೋಜನವಿಲ್ಲದ ಭೂಮಿ ಎಂಬುದು ಹಳೆಯ ಸರಕಾರಗಳ ಲೆಕ್ಕ. ಬ್ರಿಟಿಷರೂ ಅದನ್ನೇ ನಂಬಿದರು, ಅವರ ನಂತರ ಬಂದವರೂ ಬಿಡಲಿಲ್ಲ. ದೇಶದ ಬಂಜರು ಭೂಮಿಯ ನಕಾಶೆಯೊಂದನ್ನು ಕೇಂದ್ರ ಸರಕಾರ 2000ದಲ್ಲಿ ಮೊದಲ ಬಾರಿ ಹೊರತಂದಿತು. ಅದರಲ್ಲಿ ಕುರುಚಲು ನೆಲ, ಸೊರಗಿದ ಹುಲ್ಲುಗಾವಲು, ಕಲ್ಲುನೆಲ ಎಲ್ಲವೂ ಬಂಜರಿನ ಬಗೆಗಳು. ಕುರುಬರ ಕುರಿ ಮೇಯುವ ಮಡ್ಡಿ ಬಂಜರು. ತೋಳ ಮರಿ ಹಾಕುವ ಗುಡ್ಡ ಬಂಜರು. ಗೌಜಲ ಮೊಟ್ಟೆಯಿಡುವ ಹುಲ್ಲು ಬಂಜರು. ಒಮ್ಮೆ ಈ ಹೆಸರು ಬಿದ್ದಿತೆಂದರೆ ಆ ನೆಲವನ್ನು ಏನು ಮಾಡಿದರೂ ಅದು ಉದ್ಧಾರವೇ: ಗಣಿ ತೋಡಬಹುದು, ಕಾರ್ಖಾನೆ ಹಾಕಬಹುದು, ಸೋಲಾರ್ ಹಲಗೆ ಹಾಸಬಹುದು, ಇಲ್ಲವಾದರೆ ಸಸಿ ನೆಡಬಹುದು. ಶಾಲೆಯ ಸಸಿ ನೆಡುವ ಕಾರ್ಯಕ್ರಮವನ್ನು ನಾವು ಅನುಮಾನದಿಂದ ನೋಡುವುದು ಇದಕ್ಕೇ. ಖಾಲಿ ಕಂಡಲ್ಲೆಲ್ಲ ಏನಾದರೂ ತುಂಬಬೇಕು ಎಂಬ ಕಾರ್ಖಾನೆಯ ತರ್ಕವೇ ಅಲ್ಲಿಯೂ ಕೆಲಸ ಮಾಡುತ್ತದೆ.

ಮಾತು ಅತಿಯಾಯಿತು ಎನ್ನುವವರು ರಾಣೆಬೆನ್ನೂರಿನ ಕಡೆ ನೋಡಬಹುದು. ಹಾವೇರಿ ಜಿಲ್ಲೆಯ ಆ ಹುಲ್ಲುನೆಲದಲ್ಲಿ ಚಿಗರಿಗಳಿದ್ದವು, ಎರೆಭೂತ ಎಂಬ ದೊಡ್ಡ ಹಕ್ಕಿಯಿತ್ತು. ಹಸಿರು ಮಾಡುತ್ತೇವೆಂದು ಅಲ್ಲಿ ಸಾಲುಸಾಲಾಗಿ ನೀಲಗಿರಿ ನೆಟ್ಟರು. 1974ರಲ್ಲಿ ಅದನ್ನು ವನ್ಯಧಾಮವೆಂದೂ ಸಾರಿದರು. ನೀಲಗಿರಿ ಬೆಳೆಯಿತು, ಬಯಲನ್ನು ನಂಬಿದ ಹಕ್ಕಿ ಅಲ್ಲಿಂದ ಕಾಣೆಯಾಯಿತು. ಎರೆಭೂತಕ್ಕೆ ದೂರದವರೆಗೆ ಕಣ್ಣು ಹರಿಯುವ ಬಯಲು ಬೇಕು. ಮರವೆಂದರೆ ಅದಕ್ಕೆ ಗೋಡೆ. ಈಗ ಕರ್ನಾಟಕದಲ್ಲಿ ಅದು ಉಳಿದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ, ಬೆರಳಲ್ಲಿ ಎಣಿಸುವಷ್ಟು. ಎರೆ ಮಣ್ಣಿನ ಹೆಸರನ್ನೇ ಹೊತ್ತ ಹಕ್ಕಿ ಅದು. ಎರಿ ಹೊಲದ ನಡುವಿನ ಶಾಲೆಯಲ್ಲಿ ಓದುವ ಮಗು ಅದರ ಹೆಸರನ್ನು ಕೇಳಿಯೇ ಇಲ್ಲ.

ಹುಲ್ಲಿನ ಮರ್ಮ ಇರುವುದು ನೆಲದ ಕೆಳಗೆ. ಬೇಸಿಗೆಯಲ್ಲಿ ಸತ್ತಂತೆ ಕಾಣುವ ಹುಲ್ಲಿನ ಬೇರು ಮಣ್ಣನ್ನು ಹಿಡಿದುಕೊಂಡಿರುತ್ತದೆ. ಒಂದು ಮಳೆ ಬಿದ್ದರೆ ವಾರದಲ್ಲಿ ಎದ್ದು ನಿಲ್ಲುತ್ತದೆ. ಬೆಂಕಿಯನ್ನೂ ಮೇಯುವಿಕೆಯನ್ನೂ ತಡೆದುಕೊಂಡು ಬಂದ ಬಾಳುವೆ ಅದು. ವಿಶ್ವಸಂಸ್ಥೆ 2026ನೇ ಇಸವಿಯನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಘೋಷಿಸಿದೆ. ಕುರಿ ಕಾಯುವವರ ಮಕ್ಕಳು ಓದುವ ನಮ್ಮ ಶಾಲೆಗಳ ಗೋಡೆಯ ಮೇಲೆ ಈ ಸುದ್ದಿ ಬಂದರೆ ಸಂತೋಷ.

ಈ ಊರುಗಳಲ್ಲಿ ಚಿಂಚೋಳಿಗೆ ಮಾತ್ರ ಕಾಡಿನ ಮರ್ಯಾದೆ ಸಿಕ್ಕಿದೆ. 2011ರಲ್ಲಿ ಇಲ್ಲಿನ 134 ಚದರ ಕಿಲೋಮೀಟರಿಗೂ ಹೆಚ್ಚು ಒಣಕಾಡು ವನ್ಯಜೀವಿಧಾಮವಾಯಿತು. ದಕ್ಷಿಣ ಭಾರತದಲ್ಲಿ ಒಣಭೂಮಿಗೆ ಸಿಕ್ಕ ಮೊದಲ ವನ್ಯಧಾಮ ಎಂದು ಇದನ್ನು ಹೇಳುತ್ತಾರೆ. ತೋಳ, ಕತ್ತೆಕಿರುಬ, ನರಿ, ಚಿಗರಿ, ನಾಲ್ಕು ಕೊಂಬಿನ ಕೊಂಡುಕುರಿ ಅಲ್ಲಿನ ಪಟ್ಟಿಯಲ್ಲಿವೆ. ರಕ್ತಚಂದನ, ಶ್ರೀಗಂಧಗಳಿವೆ. ಚಂದ್ರಂಪಳ್ಳಿಯ ಜಲಾಶಯವಿದೆ, ಎತ್ತಿಪೋತದ ಜಲಪಾತವಿದೆ, ಕೊಂಚಾವರಂ ಗುಡ್ಡಗಳಿವೆ. ಬೇಸಿಗೆಯಲ್ಲಿ ಹೋದವರಿಗೆ ಈ ಕಾಡು ಎಲೆಯುದುರಿಸಿ, ಮುತ್ತುಗದ ಕೆಂಪು ಹೂವಿನ ಕೆಂಡವಷ್ಟೇ ಉಳಿದು, ಸುಟ್ಟಂತೆ ಕಾಣುತ್ತದೆ. ಎಲೆಯುದುರಿಸುವುದು ಸೋಲಲ್ಲ, ನೀರು ಉಳಿಸುವ ಉಪಾಯ. ಇದೊಂದನ್ನು ಮಕ್ಕಳಿಗೆ ಅಲ್ಲಿಯೇ ನಿಲ್ಲಿಸಿ ತೋರಿಸಿದರೆ ಒಂದು ವರ್ಷದ ಪಾಠ ಆದಂತೆ.

ಆದರೆ ಶಾಲೆಯವರು ಮಕ್ಕಳನ್ನು ಕರೆದುಕೊಂಡು ಹೋಗುವುದು ಜಲಪಾತದಲ್ಲಿ ನೀರಿದ್ದಾಗ. ಅದೂ ಮಲೆನಾಡಿನ ಹಾಗೆ ಕಾಣುವ ಹೊತ್ತಿನಲ್ಲಿ! ಕೊಂಚಾವರಂ ಸುತ್ತಿನ ಲಂಬಾಣಿ ತಾಂಡಾಗಳ ಮಕ್ಕಳಿಗೆ ಈ ಕಾಡು ಪ್ರವಾಸದ ಜಾಗವಲ್ಲ, ಹಿತ್ತಲು. ಯಾವ ಹಣ್ಣು ಯಾವಾಗ, ಬೀಡಿ ಎಲೆ ಎಷ್ಟು ಎಳೆಯದಿರಬೇಕು, ಕರಡಿ ಬರುವ ಹಾದಿ ಯಾವುದು ಎಂಬುದು ಕಾಡಂಚಿನ ಮನೆಗಳ ತಿಳಿವಳಿಕೆ. ವನ್ಯಧಾಮವಾದ ಮೇಲೆ ಹಿತ್ತಲಿಗೆ ಹೋಗುವುದಕ್ಕೂ ನಿಯಮ ಬಂದಿದೆ. ಕಾಡು ಉಳಿಸುವ ಪಾಠ ಈ ಮಕ್ಕಳ ಎದುರು ‘ನಿಮ್ಮವರಿಂದಲೇ ಕಾಡು ಹಾಳಾಯಿತು’ ಎಂಬ ಧಾಟಿಯಲ್ಲಿ ಬಂದರೆ ಆ ಮಗು ಅದನ್ನು ಎಂದಿಗೂ ಕ್ಷಮಿಸುವುದಿಲ್ಲ. ಕ್ಷಮಿಸಲೂ ಬಾರದು.

ಇದೇ ಗುಡ್ಡಗಳ ಸೀತಾಫಲದ ವಿಷಯ ಇನ್ನೂ ರುಚಿಕರ. ನಮ್ಮದೇ ಎಂದು ನಾವು ತಿನ್ನುವ ಈ ಹಣ್ಣು ಅಮೆರಿಕ ಖಂಡದಿಂದ ಬಂದದ್ದು. ಸರಕಾರಿ ಜಾಲಿಯೂ ಅಲ್ಲಿಯದೇ. ಕಾಂಗ್ರೆಸ್ ಕಸವೂ ಅಲ್ಲಿಯದೇ. 1950ರ ದಶಕದಲ್ಲಿ ಆಮದು ಗೋದಿಯ ಜೊತೆ ನಮ್ಮ ದೇಶದಲ್ಲಿ ಹರಡಿತೆನ್ನುತ್ತಾರೆ. ಒಂದು ಗುಡ್ಡಕ್ಕೆ ಹೊಂದಿಕೊಂಡು ಹಣ್ಣು ಕೊಟ್ಟಿತು, ಎರಡು ನೆಲವನ್ನೇ ನುಂಗಿದವು. ಹೊರಗಿನದೆಲ್ಲ ಕೆಟ್ಟದ್ದು, ಒಳಗಿನದೆಲ್ಲ ಒಳ್ಳೆಯದು ಎಂಬ ಸುಲಭದ ಪಾಠ ಇಲ್ಲಿ ನಡೆಯುವುದಿಲ್ಲ. ಈ ಕಾಲದಲ್ಲಿ ಈ ಮಾತನ್ನು ಗಿಡಗಳ ನೆಪದಲ್ಲಿಯಾದರೂ ಮಕ್ಕಳಿಗೆ ಹೇಳುವುದು ಕ್ಷೇಮ.

ಕಾಡು ಬಿಟ್ಟು ಹೊಲಕ್ಕೆ ಬಂದರೆ ಶಾಲೆಗೆ ಇನ್ನೂ ಹತ್ತಿರದ ಪಾಠಗಳಿವೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಬಿಸಿಯೂಟದ ಸಾರಿನಲ್ಲಿ ಬೇಳೆ ಇದ್ದೇ ಇರುತ್ತದೆ, ಆದರೆ ಪಾಠದಲ್ಲಿ ಅದರ ಗಿಡವಿಲ್ಲ. ತೊಗರಿಗೆ ಬೀಳುವ ಕಾಯಿಕೊರಕ ಹುಳುವಿಗೆ ಔಷಧ ಹೊಡೆದು ರೈತರು ಸಾಲಗಾರರಾದ ಕತೆ ಪ್ರತಿ ಮನೆಯಲ್ಲಿದೆ. ಹೊಲದಲ್ಲಿ ಅಲ್ಲಲ್ಲಿ ಕವಲುಕಡ್ಡಿ ನೆಟ್ಟರೆ ಹಕ್ಕಿಗಳು ಬಂದು ಕೂತು ಹುಳು ಹೆಕ್ಕುತ್ತವೆ ಎಂದು ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ಆ ಕಡ್ಡಿಯ ಮೇಲೆ ಬಂದು ಕೂರುವುದರಲ್ಲಿ ಒಂದು, ಕವಲು ಬಾಲದ ಕರಿ ಹಕ್ಕಿ, ಕಾಜಾಣ. ಮಲೆನಾಡಿನ ಕಾವ್ಯದಿಂದ ನಾವೆಲ್ಲ ಬಲ್ಲ ಕಾಜಾಣದ ಕುಲವೇ! ಕಾವ್ಯದಲ್ಲಿ ಅದನ್ನು ಓದಿ ಮೆಚ್ಚಿದ ವಿದ್ಯಾರ್ಥಿಗೆ, ಅದು ತನ್ನಪ್ಪನ ಹೊಲದಲ್ಲಿ ದಿನಗೂಲಿಯಿಲ್ಲದೆ ದುಡಿಯುತ್ತಿದೆ ಎಂದು ಯಾರೂ ಹೇಳಿಲ್ಲ.

ಎಳ್ಳ ಅಮಾವಾಸ್ಯೆಯ ದಿನ ಈ ಸೀಮೆಯ ಶಾಲೆಗಳು ಖಾಲಿ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಸಜ್ಜಿ ರೊಟ್ಟಿ, ಹಲವು ಕಾಳು, ಸೊಪ್ಪು, ಕಾಯಿಗಳನ್ನು ಕೂಡಿಸಿ ಮಾಡಿದ ಭಜ್ಜಿ ಪಲ್ಯ. ಹೊಲದ ಸುತ್ತ ಚರಗ ಚೆಲ್ಲಿದ ಮೇಲೆ ಊಟ. ಹೊಲವಿಲ್ಲದ ಗೆಳೆಯರನ್ನೂ, ಮುಸ್ಲಿಂ ಮನೆಯವರನ್ನೂ ಕರೆಯುತ್ತಾರೆ. ನಾವೂ ಎಷ್ಟೋ ಹೊಲಗಳ ಬದುವಿನ ಮೇಲೆ ಕೂತು ಉಂಡಿದ್ದೇವೆ. ಅಂದು ಒಬ್ಬ ಅಜ್ಜಿಯ ಹಿಂದೆ ಹುಡುಗರು ಹೊಲ ಸುತ್ತಿದರೆ ಹಕ್ಕರಕಿ, ಪುಂಡಿ, ಅಗಸಿ, ಗುರೆಳ್ಳು, ಮಡಿಕೆ ಎಂದು ಕೇಳಿ ತಿಳಿಯುವುದು ಎಷ್ಟೋ ಇದೆ. ಯಾವುದು ಈಗ ಇಲ್ಲ ಎಂಬುದನ್ನೂ ಆಕೆ ಹೇಳುತ್ತಾಳೆ. ಜೀವವೈವಿಧ್ಯದ ಈ ತರಗತಿಗೆ ಹೋದದ್ದಕ್ಕೆ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಬೀಳುತ್ತದೆ.

ಇನ್ನು ಕಲ್ಲು. ‘ಬರೇ ಕಲ್ಲು’ ಎಂದಳಲ್ಲ ಆ ಹುಡುಗಿ. ಶಹಾಬಾದ್, ಚಿತ್ತಾಪುರ, ಸೇಡಂಗಳ ಕೆಳಗೆ ಹಾಸಿರುವ ಈ ಸುಣ್ಣಕಲ್ಲು ಐವತ್ತು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿದ್ದ ಸಮುದ್ರದ ತಳದ ಕೆಸರು. ಭೂವಿಜ್ಞಾನಿಗಳು ಇದಕ್ಕೆ ಶಹಾಬಾದಿನ ಹೆಸರನ್ನೇ ಇಟ್ಟಿದ್ದಾರೆ. ಮುಂಬೈ, ಹೈದರಾಬಾದಿನ ಎಷ್ಟೋ ಹಳೆಯ ಮನೆಗಳ ನೆಲಕ್ಕೆ ಹಾಸಿದ್ದು ಇದೇ ಪರಸಿ. ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ಭೀಮಾ ದಂಡೆಯ ಮೇಲೆ ಸಿಕ್ಕಿರುವ ಬೌದ್ಧ ಸ್ತೂಪಕ್ಕೂ ಸುಣ್ಣಕಲ್ಲಿನ ಹಲಗೆಗಳು. ಅವುಗಳ ಮೇಲೆ ಬೋಧಿವೃಕ್ಷವಿದೆ. ಹೆಸರು ಕೆತ್ತಿರುವ ಅಶೋಕನ ಶಿಲ್ಪವೂ ಇದೆ. ಇದೇ ಅಶೋಕ ತನ್ನ ಐದನೆಯ ಸ್ತಂಭಶಾಸನದಲ್ಲಿ (ಅದು ಇಲ್ಲಿಯದಲ್ಲ, ಉತ್ತರದ್ದು) ಕೊಲ್ಲಬಾರದ ಪ್ರಾಣಿಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಗಿಳಿ, ಬಾವಲಿಗಳು ಅದರಲ್ಲಿವೆ. ಚಿಂಚೋಳಿಯ ಪಟ್ಟಿಯಲ್ಲೂ ಇವೆ. ಜೀವವಿರುವ ಹೊಟ್ಟನ್ನು ಸುಡಬಾರದು, ಕಾರಣವಿಲ್ಲದೆ ಕಾಡಿಗೆ ಬೆಂಕಿ ಇಡಬಾರದು ಎಂದೂ ಅಲ್ಲಿ ಹೇಳಿದೆ. ಪ್ರತಿ ಬೇಸಿಗೆಯಲ್ಲಿ ಗುಡ್ಡದ ಹುಲ್ಲಿಗೆ ಬೆಂಕಿ ಬೀಳುವುದನ್ನು ಕಾಣುವ ಮಕ್ಕಳಿಗೆ ಈ ಮಾತು ಹಳೆಯದೆನಿಸದು. ಇತಿಹಾಸದ ಪಿರಿಯಡ್ಡಿನ ಅಶೋಕನನ್ನು ಪರಿಸರದ ಪಿರಿಯಡ್ಡಿಗೆ ಕರೆತರಲು ಅಡ್ಡಿಯೇನು?

ಒಂದು ಟನ್ ಸಿಮೆಂಟಿಗೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕು. ವಾಡಿ, ಸೇಡಂ, ಮಳಖೇಡ, ಚಿತ್ತಾಪುರ, ಚಿಂಚೋಳಿ ಕಡೆಯ ಕಾರ್ಖಾನೆಗಳು ಅಗೆಯುತ್ತಿರುವುದು ಇದನ್ನೇ. ಸಾವಿರಾರು ಮನೆಗಳ ಒಲೆ ಉರಿಯುವುದು ಇದರಿಂದ. ಹಾಗಾಗಿ ಕಾರ್ಖಾನೆ ಬೇಡ ಎಂದು ಬೆಂಗಳೂರಿನಲ್ಲಿ ಸಿಮೆಂಟಿನ ಮನೆಯೊಳಗೆ ಕೂತು ಬರೆಯುವ ಧೈರ್ಯ ನಮಗಿಲ್ಲ. ಪರಸಿ ಗಣಿಯಲ್ಲಿ, ಪಾಲಿಶ್ ಯಂತ್ರದ ಮುಂದೆ ಧೂಳು ಕುಡಿಯುತ್ತ ದುಡಿಯುವವರಲ್ಲಿ ನಮ್ಮವರೂ, ದಲಿತರೂ, ವಡ್ಡರೂ ಇದ್ದಾರೆ. ಅವರ ಮಕ್ಕಳ ಮುಂದೆ ‘ಗಣಿಗಾರಿಕೆಯಿಂದ ಪರಿಸರ ನಾಶ’ ಎಂಬ ಒಂದು ಸಾಲು ಬರೆಸಿ ಮುಗಿಸುವುದು ಅವರ ಅಪ್ಪಂದಿರಿಗೆ ಮಾಡುವ ಅವಮಾನ. ಆದರೆ ಅಗೆದ ಮೇಲೆ ಆ ಹೊಂಡ ಏನಾಗುತ್ತದೆ, ಮೇಲಿನ ಮಣ್ಣು ಎಲ್ಲಿಗೆ ಹೋಗುತ್ತದೆ, ಬೇಲಿಯಿಲ್ಲದ ಹಳೆಯ ಗಣಿಯ ನೀರು ಯಾರ ಹೊಣೆ ಎಂದು ಕೇಳಲು ಕಲಿಸುವುದು ಪಾಠವೇ. 2015ರಿಂದ ಗಣಿ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ; ಶಿಕ್ಷಣ, ಪರಿಸರ ರಕ್ಷಣೆ ಎರಡೂ ಅದರ ಆದ್ಯತೆಗಳಲ್ಲಿವೆ. ಕಂಪನಿಗಳು ಕೊಡುವ ಸಸಿ, ಟೀಶರ್ಟು, ಬಹುಮಾನಗಳನ್ನು ಪಡೆದ ಶಾಲೆಗೆ ಧೂಳಿನ ಬಗ್ಗೆ ಪ್ರಶ್ನೆ ಕೇಳುವುದು ಕಷ್ಟ. ನಿಧಿಯ ಹಣ ಜನರ ಹಕ್ಕು. ಅದನ್ನು ಪಡೆದವರು ಯಾರಿಗೂ ತಲೆಬಾಗಬೇಕಿಲ್ಲ.

ಉರ್ದು ಶಾಲೆಗಳ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇವೆ. ಹತ್ತನೆಯ ಶತಮಾನದ ಬಸ್ರಾದಲ್ಲಿ ಇಖ್ವಾನುಸ್ಸಫಾ ಎಂಬ ಚಿಂತಕರ ಕೂಟವಿತ್ತು. ಅವರ ಅರಬಿ ಗ್ರಂಥದ ಒಂದು ಭಾಗದಲ್ಲಿ ಪ್ರಾಣಿಗಳು ಮನುಷ್ಯರ ಮೇಲೆ ಜಿನ್ನುಗಳ ರಾಜನಲ್ಲಿ ದಾವೆ ಹೂಡುತ್ತವೆ. ಕುದುರೆ, ಕತ್ತೆ, ಹಕ್ಕಿ, ಜೇನುಗಳೆಲ್ಲ ತಂತಮ್ಮ ವಾದ ಮಂಡಿಸುತ್ತವೆ. ತೀರ್ಪು ಕೊನೆಗೆ ಮನುಷ್ಯರ ಕಡೆಗೇ ವಾಲುತ್ತದೆ. ಆದರೆ ಅಷ್ಟರೊಳಗೆ ಮನುಷ್ಯರ ಮಾನ ಉಳಿದಿರುವುದಿಲ್ಲ! ಮೌಲವಿ ಇಕ್ರಾಮ್ ಅಲಿ 1810ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗಾಗಿ ಇದನ್ನು ಉರ್ದುವಿಗೆ ತಂದರು. ಉರ್ದು ಕಲಿಯುವವರಿಗೆ ಅದು ಬಹುಕಾಲ ಪಠ್ಯವಾಗಿತ್ತು. ಅಂಥ ಪರಂಪರೆಯ ಭಾಷೆಯಲ್ಲಿ ಓದುವ ಮಕ್ಕಳಿಗೆ ಇಂದು ಸಿಗುತ್ತಿರುವುದು ಅದೇ ಐದು ಉದ್ಯಾನಗಳ ಪಟ್ಟಿ, ಲಿಪಿ ಮಾತ್ರ ಬೇರೆ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿಯಲ್ಲೂ ಒಂದು ಸಮಿತಿ ಇರಬೇಕು. ಆ ಸಮಿತಿ ಊರಿನ ಜನರನ್ನು ಕೇಳಿ ಅಲ್ಲಿನ ಗಿಡ, ಪ್ರಾಣಿ, ಬೀಜ, ಔಷಧಿಗಳ ತಿಳಿವಳಿಕೆಯನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ದೇಶದ ಹೆಚ್ಚಿನ ಪಂಚಾಯತಿಗಳು ವರ್ಷಗಟ್ಟಲೆ ಇದನ್ನು ಮರೆತವು. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿ, ತಪ್ಪಿದ ರಾಜ್ಯ ತಿಂಗಳಿಗೆ ಹತ್ತು ಲಕ್ಷ ರೂಪಾಯಿ ಕಟ್ಟಬೇಕೆಂದಾಗ ಎಲ್ಲ ಕಡೆ ಒಮ್ಮೆಲೇ ಗಡಿಬಿಡಿ ಶುರುವಾಯಿತು. ಗಡಿಬಿಡಿಯಲ್ಲಿ ಬರೆದ ಪುಸ್ತಕ ಹೇಗಿರುತ್ತದೆಂದು ಹೇಳಬೇಕಿಲ್ಲ. 1990ರ ದಶಕದಲ್ಲಿ ಮಾಧವ ಗಾಡ್ಗೀಳರು ಕಾಲೇಜಿನ ಅಧ್ಯಾಪಕರು, ವಿದ್ಯಾರ್ಥಿಗಳನ್ನೇ ಕೂಡಿಸಿಕೊಂಡು ಇಂಥ ದಾಖಲೆಯ ಕೆಲಸಕ್ಕೆ ದಾರಿ ಹಾಕಿದ್ದರು. ಅದೂ ಪಶ್ಚಿಮ ಘಟ್ಟದಲ್ಲಿಯೇ ಎಂಬುದು ಬೇರೆ ಮಾತು. ಸೇಡಂನ ಹೈಸ್ಕೂಲು ಹುಡುಗರಿಗೆ ಪಂಚಾಯತಿಯ ಆ ಪುಸ್ತಕವನ್ನು ಕೊಟ್ಟು, ‘ಇದರಲ್ಲಿ ಏನು ಬಿಟ್ಟುಹೋಗಿದೆ ಹುಡುಕಿ’ ಎಂದು ಹೇಳಿದರೆ ಸಾಕು. ಉತ್ತರ ಬರೆಯಲು ಅವರು ಅಜ್ಜಿಯನ್ನು, ಕುರಿ ಕಾಯುವ ಕಾಕಾನನ್ನು, ಗಣಿಯ ಅಬ್ಬಾನನ್ನು ಕೇಳಲೇಬೇಕಾಗುತ್ತದೆ.

ಇಂಥ ಪಟ್ಟಿ ಮಾಡುವುದರಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ದೊಡ್ಡ ಗಣಿಯನ್ನೋ ಕಾರ್ಖಾನೆಯನ್ನೋ ತೆರೆಯುವ ಮೊದಲು, ಅಥವಾ ವಿಸ್ತರಿಸುವ ಮೊದಲು, 2006ರ ಅಧಿಸೂಚನೆಯ ಪ್ರಕಾರ ಪರಿಸರದ ಮೇಲಿನ ಪರಿಣಾಮದ ವರದಿ ಮಾಡಿಸಬೇಕು; ಮಾಲಿನ್ಯ ನಿಯಂತ್ರಣ ಮಂಡಳಿ ಸಾರ್ವಜನಿಕರ ಅಹವಾಲು ಸಭೆ ನಡೆಸಬೇಕು. ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಸುತ್ತಲಿನ ಹತ್ತು ಕಿಲೋಮೀಟರಿನಲ್ಲಿ ಯಾವ ಗಿಡ, ಯಾವ ಪ್ರಾಣಿ ಇವೆ ಎಂಬ ವಿವರ ವರದಿಯಲ್ಲಿರುತ್ತದೆ. ಸಭೆಯಲ್ಲಿ ಜನ ಕೇಳುವುದು ಸಾಮಾನ್ಯವಾಗಿ ನೌಕರಿ, ಪರಿಹಾರ, ರಸ್ತೆ, ನೀರು. ಕೇಳಬೇಕಾದದ್ದೇ. ಪ್ರಾಣಿಗಳ ಪಟ್ಟಿಯ ಪುಟವನ್ನು ಮಾತ್ರ ಯಾರೂ ತೆರೆಯುವುದಿಲ್ಲ. ‘ಬಂಜರಿನಲ್ಲಿ ಏನಿರುತ್ತದೆ?’ ಎಂದು ಬರೆದವರೂ ನಂಬಿದ್ದಾರೆ, ಓದುವವರೂ ನಂಬಿದ್ದಾರೆ.

ಒಮ್ಮೆ ಅಂಥ ಒಂದು ಸಾರಾಂಶದ ಪ್ರತಿಯನ್ನು, ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ, ಚಿಂಚೋಳಿಯ ಕಡೆಯ ಹಳ್ಳಿಯೊಂದರಲ್ಲಿ ಕಟ್ಟೆಯ ಮೇಲೆ ಕೂತು ಒಂಬತ್ತನೆಯ ತರಗತಿಯ ಹುಡುಗನೊಬ್ಬನಿಂದ ಗಟ್ಟಿಯಾಗಿ ಓದಿಸಿದೆವು. ಅಳಿಲು, ಮುಂಗುಸಿ, ಮೊಲ, ಇಲಿ ಎಂದು ಓದಿ ಹುಡುಗ ಹಾಳೆ ತಿರುವಿ ನೋಡಿದ. ಹಿಂದೆ ಏನೂ ಇರಲಿಲ್ಲ.

‘ತ್ವಾಳ ಬರ್ದಿಲ್ರೀ ಇದ್ರಾಗ’ ಎಂದ. ‘ಹ್ವಾದ ವಾರ ನಮ್ಮ ಕಾಕಾನ ಕುರಿಮರಿ ಒಯ್ದದ.’

ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ತಮ್ಮ ಜೇಬಿನಿಂದ ಪೆನ್ನು ತೆಗೆದು ಅವನ ಕೈಗೆ ಕೊಟ್ಟರು.